ಮೇಕೆಯ ಹೆರಿಗೆಗೆ ಬರಿಗೈ

ನನ್ನ ಕೈ ಚಿಕ್ಕದು. ಮದುವೆಯಾದ ಹೊಸದರಲ್ಲಿ ಇದರಿಂದ ನನಗೆ ಸಿಕ್ಕಿದ್ದು ಬೈಗುಳವೊಂದೇ. ಉತ್ತರಹಳ್ಳಿಯ ನಮ್ಮ ಮನೆಯಲ್ಲಿ ಹೊಲದಿಂದ ಹಸಿದು ಬಂದ ಗಂಡಸರಿಗೆ ನಾನು ಕಟ್ಟಿದ ಮುದ್ದೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. "ಇದೇನವ್ವ, ಮುದ್ದೆನೋ ಗೋಲೀನೋ?" ಎಂದು ಅತ್ತೆ ಅದನ್ನು ತಟ್ಟೆಯಲ್ಲಿ ಉರುಳಿಸಿ ಎಲ್ಲರಿಗೂ ತೋರಿಸುತ್ತಿದ್ದರು. ನನಗೆ ಬಳೆ ತೊಡಿಸಲು ಬಳೆಗಾರ ಮಕ್ಕಳ ಬಳೆಯ ಗೊಂಚಲು ಬಿಚ್ಚುತ್ತಿದ್ದ. ದೇವರು ಯಾಕೆ ಇಂಥ ಕೈ ಕೊಟ್ಟ ಎಂದು ನಾನು ಕೇಳಲಿಲ್ಲ. ಕೇಳಿದರೆ ಮುದ್ದೆ ದೊಡ್ಡದಾಗುತ್ತಿತ್ತೇ?

ಆ ಕೈಗೂ ಒಂದು ಕೆಲಸ ಇದೆ ಅನ್ನುವುದು ಮೇಕೆಗಳಿಂದ ತಿಳಿಯಿತು. ಆಗ ಜಯನಗರದಲ್ಲಿ ಮನೆಗಳು ಇನ್ನೂ ಏಳುತ್ತಿದ್ದವು. ಈಗ ಅಲ್ಲೇ ಇರುವ ಮೊಮ್ಮಗಳು, "ಅಜ್ಜಿ, ಮೇಕೆ ಮರಿ ಹಾಕೋದು ನೋಡೋಕೆ ಸಖತ್ತಾಗಿರ್ತಿತ್ತಾ?" ಎಂದು ಕೇಳುತ್ತಾಳೆ. ಸಖತ್ತೂ ಇಲ್ಲ, ಏನೂ ಇಲ್ಲ. ಲೋಳೆ, ವಾಸನೆ, ನೊಣ. ಹೆಚ್ಚಿನ ಮೇಕೆಗಳಿಗೆ ಯಾರೂ ಬೇಕಾಗಿಲ್ಲ. ಮೂಲೆಗೆ ಹೋಗಿ ನೆಲ ಕೆರೆಯುತ್ತವೆ, ಮಲಗುತ್ತವೆ, ಏಳುತ್ತವೆ, ಅಷ್ಟರಲ್ಲಿ ಮರಿ ನೆಲದ ಮೇಲಿರುತ್ತದೆ. ಹತ್ತಿರ ಇದ್ದವರ ಮುಖ್ಯ ಕೆಲಸ ಸುಮ್ಮನೆ ಕೂರುವುದು. ಇದು ಎಲ್ಲರ ಕೈಲಾಗುವ ಕೆಲಸವಲ್ಲ. ಗಂಡಸರಂತೂ ಬಾಲ ಎತ್ತಿ ನೋಡುತ್ತಾರೆ, ಬೀಡಿ ಹಚ್ಚುತ್ತಾರೆ, ಮತ್ತೆ ಬಾಲ ಎತ್ತುತ್ತಾರೆ. ಮನುಷ್ಯರ ಕಷ್ಟಕ್ಕೆ ಬಂದವರೂ ಹೀಗೇ. ಏನಾದರೂ ಮಾಡದಿದ್ದರೆ ಬಂದದ್ದು ಲೆಕ್ಕಕ್ಕಿಲ್ಲ ಅಂದುಕೊಳ್ಳುತ್ತಾರೆ.

ತಾಪತ್ರಯವೆಲ್ಲ ಚಿಕ್ಕ ಮೇಕೆಗಳದು. ಮೊದಲನೇ ಸಲ ಗಬ್ಬವಾದದ್ದು, ಮೈಯೂ ಸಣ್ಣದು. ಒಳಗೆ ಮರಿ ಅಡ್ಡ ಬಿದ್ದರೆ ಕೈ ಹಾಕಿ ತಿರುಗಿಸಬೇಕು. ನಮ್ಮೂರಲ್ಲಿ ಆ ಕೈ ಮುನಿಯಮ್ಮನದು. ಚಿಕ್ಕ ವಯಸ್ಸಿಗೇ ಗಂಡ ಸತ್ತು ಕೆರೆಯ ಪಕ್ಕದ ಗುಡಿಸಲಲ್ಲಿ ಒಬ್ಬಳೇ ಇದ್ದಳು. ಅವಳ ಕೈಯಲ್ಲಿ ಬಳೆ ಇರಲಿಲ್ಲ. ಗಾಜಿನ ಬಳೆ ತೊಟ್ಟ ಕೈ ಒಳಗೆ ಹಾಕಿ ಬಳೆ ಒಡೆದರೆ ಮೇಕೆ ಉಳಿಯುವುದಿಲ್ಲ. ಮುತ್ತೈದೆ ಬಳೆ ತೆಗೆದರೆ ಗಂಡ ಉಳಿಯುವುದಿಲ್ಲ ಎಂದು ನಂಬಿಕೆ. ಹೀಗಾಗಿ ಮದುವೆಗೆ, ಸೀಮಂತಕ್ಕೆ, ತೊಟ್ಟಿಲಿಗೆ ಯಾರೂ ಕರೆಯದ ಮುನಿಯಮ್ಮನನ್ನು ಮೇಕೆಯ ಹೆರಿಗೆಗೆ ಓಡಿಹೋಗಿ ಕರೆಯುತ್ತಿದ್ದರು. ಅದನ್ನು ಅವಳು ಎತ್ತಿ ಆಡಿದ್ದು ನಾನು ಕೇಳಿಲ್ಲ. ಬಂದವಳೇ ಹರಳೆಣ್ಣೆ ಕೇಳುತ್ತಿದ್ದಳು. ನಮ್ಮ ಕೊಟ್ಟಿಗೆಗೆ ಬಂದಾಗ ಎಣ್ಣೆ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದವಳು ನಾನು.

ಒಂದು ಬೆಳಗ್ಗೆ ಮುನಿಯಮ್ಮ ಬಲಗೈಗೆ ಬಟ್ಟೆ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಹುಲ್ಲು ಕೊಯ್ಯುವಾಗ ಕುಡುಗೋಲು ಅಂಗೈ ಸೀಳಿತ್ತು. ಅವಳ ಮೇಕೆ ಹೆರಿಗೆ ನೋವಿಗೆ ಮುಕ್ಕುತ್ತಲೇ ಇದೆ, ಮರಿ ಬರುತ್ತಿಲ್ಲ. ಅವಳಿಗಿದ್ದದ್ದು ಅದೊಂದೇ ಮೇಕೆ. ಅದು ಹೋದರೆ ಆ ಗುಡಿಸಲಲ್ಲಿ ಉಸಿರಾಡುವ ಇನ್ನೊಂದು ಜೀವವಿಲ್ಲ.

"ನಿನ್ ಕೈ ಚಿಕ್ಕದು, ಬಾರವ್ವ," ಅಂದಳು. ನನ್ನ ಬಳೆ ನೋಡಿ ತಲೆ ತಗ್ಗಿಸಿದಳು. "ಮಿಕ್ಕಿದ್ದು ನಾನು ಹೇಳಾಕಿಲ್ಲ."

ಹೇಳುವ ಹಾಗೂ ಇರಲಿಲ್ಲ. ನಾಳೆ ನನ್ನ ಗಂಡನಿಗೆ ನೆಗಡಿಯಾದರೂ ಊರು ಅವಳನ್ನೇ ಹಿಡಿಯುತ್ತಿತ್ತು.

ಅತ್ತೆ ಒಳಗಿನಿಂದಲೇ ಕೂಗಿದರು. "ಬಳೆ ಮೇಲಕ್ಕೇರ್ಸಿ ಬಟ್ಟೆ ಕಟ್ಕೊಂಡು ಹೋಗು. ತೆಗೆದ್ಯೋ, ಈ ಹೊಸ್ಲು ತುಳೀಬೇಡ."

ಹಾಗೇ ಕಟ್ಟಿಕೊಂಡು ಹೋದೆ. ಎಣ್ಣೆ ಹಚ್ಚಿದ್ದೇ ತಡ, ಬಟ್ಟೆ ಜಾರಿ ಬಳೆಗಳು ಮಣಿಕಟ್ಟಿಗೆ ಬಂದು ಕೂತವು. ಎರಡು ಸಲ ಕಟ್ಟಿದೆ, ಎರಡು ಸಲವೂ ಜಾರಿದವು. ಅಷ್ಟರಲ್ಲಿ ಮೇಕೆ ಅರಚುವುದು ನಿಂತಿತು. ಅರಚುವ ಮೇಕೆಗೆ ಹೆದರಬೇಕಾಗಿಲ್ಲ, ಸುಮ್ಮನಾದ ಮೇಕೆಗೆ ಹೆದರಬೇಕು. ಬಿಗಿ ಬಳೆ, ಎಳೆದರೆ ಬರುವುದಲ್ಲ. ಒರಳುಕಲ್ಲಿಗೆ ಕೈ ಕುಟ್ಟಿದೆ. ಮುನಿಯಮ್ಮ ಮುಖ ಆಚೆ ತಿರುಗಿಸಿಕೊಂಡಳು. ಕೈ ತೊಳೆದು, ಚೂರು ಉಳಿದಿಲ್ಲವೆಂದು ನೋಡಿಕೊಂಡು, ಮತ್ತೆ ಎಣ್ಣೆ ಹಚ್ಚಿ ಒಳಗೆ ಹಾಕಿದೆ.

ಮರಿಯ ಎರಡು ಕಾಲು ಮುಂದಿದ್ದವು, ತಲೆ ಹಿಂದಕ್ಕೆ ಹೊರಳಿತ್ತು. ಮುನಿಯಮ್ಮ ಮೇಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿಕೊಟ್ಟಳು. "ಎಳೀಬೇಡ, ಹಿಂದಕ್ಕೆ ತಳ್ಳು. ಮೂತಿ ಹುಡುಕು. ಸಿಕ್ತಾ? ಈಗ ಅದು ಮುಕ್ಕಿದಾಗ ಎಳಿ. ನೀನಾಗಿ ಎಳೀಬೇಡ."

ಮರಿ ಬಂತು. ಉಸಿರಿರಲಿಲ್ಲ. ಅವಳು ಒಂದೇ ಕೈಯಲ್ಲಿ ಹುಲ್ಲಿನಿಂದ ಉಜ್ಜಿದಳು, ಮೂಗಿಗೆ ಊದಿದಳು, ಆಮೇಲೆ ಅದನ್ನು ಪಕ್ಕಕ್ಕಿಟ್ಟು ಗೋಣಿ ಮುಚ್ಚಿದಳು. "ಇನ್ನೊಂದೈತೆ," ಅಂದಳು. ಎರಡನೆಯದು ತಾನೇ ಜಾರಿ ಬಂದು ಸೀನಿತು. ತಾಯಿ ತಲೆ ಎತ್ತಿ ಅದನ್ನು ನೆಕ್ಕತೊಡಗಿತು. ಮುನಿಯಮ್ಮ ತುಸು ಹೊತ್ತು ನೋಡಿದಳು. "ಕೈ ತೊಳ್ಕೊ," ಅಂದಳು. ಅಷ್ಟೇ.

ಅತ್ತೆ ಹೊಸ್ತಿಲಲ್ಲೇ ನಿಂತಿದ್ದರು. ನನ್ನ ಬರಿಗೈ ನೋಡಿದರು. ಬಿತ್ತು ಏಟು ಅಂದುಕೊಂಡೆ. ಅವರು ತಮ್ಮ ಕೈಯಿಂದ ಎರಡು ಬಳೆ ಬಿಚ್ಚಿ ನನ್ನ ಕೈಗೆ ತೂರಿಸಿದರು. "ಬಳೆಗಾರ ಬರೋಗಂಟ ಕೈ ಮೇಲಕ್ಕೆತ್ಕೊಂಡಿರು, ಶನಿ." ಕೈ ಎತ್ತಿಕೊಂಡು ಯಾರು ಅಡುಗೆ ಮಾಡುತ್ತಾರೆ? ಅಂದು ಒಂದು ಬಳೆ ಮುದ್ದೆಯ ಮಡಕೆಗೆ ಬಿತ್ತು. ತೊಳೆದು ಮತ್ತೆ ಹಾಕಿಕೊಂಡೆ. ಅತ್ತೆ ನೋಡಿಯೂ ನೋಡದ ಹಾಗೆ ಇದ್ದರು.

ಕೆಲವು ವರ್ಷಗಳಾದ ಮೇಲೆ ನನ್ನ ಗಂಡ ಜ್ವರದಲ್ಲಿ ಹೋದರು. ಊರಿನವರು ನಾನು ಬಳೆ ಒಡೆದ ಆ ಒರಳುಕಲ್ಲನ್ನು ನೆನಪು ಮಾಡಿಕೊಂಡರು. ಮಗನನ್ನು ಕಳೆದುಕೊಂಡ ಅತ್ತೆಗೆ ಅದನ್ನು ನನ್ನ ಮುಖಕ್ಕೆ ಅನ್ನುವ ಹಕ್ಕಿತ್ತು. ಅಂದಿದ್ದರೆ ನಾನೂ ನಂಬಿಬಿಡುತ್ತಿದ್ದೆ. ಅವರು ಅನ್ನಲಿಲ್ಲ.

ಸೂತಕ ಇನ್ನೂ ಕಳೆದಿರಲಿಲ್ಲ. ಮುನಿಯಮ್ಮ ಬಂದು ಅಂಗಳದಲ್ಲಿ ನಿಂತಳು. ಕುಡುಗೋಲಿನ ಆ ಗಾಯ ಆದಮೇಲೆ ಅವಳ ಬಲಗೈ ಬೆರಳು ಸರಿಯಾಗಿ ಮಡಚಲು ಬರುತ್ತಲೇ ಇರಲಿಲ್ಲ.

"ತಿಮ್ಮಣ್ಣನ ಮೇಕೆ ಕಷ್ಟ ಪಡ್ತಾ ಐತೆ," ಅಂದಳು. "ಅವ್ನಿಗೆ ನಿನ್ನ ಕರೆಯೋಕೆ ಬಾಯಿ ಬರ್ತಿಲ್ಲ. ನಂಗೂ ಬರಾಕಿಲ್ಲ."

ನಾನು ಅತ್ತೆಯ ಕಡೆ ನೋಡಿದೆ. ಅವರು ಗೋಡೆಗೊರಗಿ ಕೂತಿದ್ದರು.

"ಹೋಗು. ಮೇಕೆಗೆ ಯಾವ ಸೂತ್ಕ?" ಅಂದರು. ತಾವೇ ಎದ್ದು ಹರಳೆಣ್ಣೆ ತಂದು ನನ್ನ ಕೈಗೆ ಕೊಟ್ಟರು.

ಈ ಸಲ ಕೈಯಿಂದ ತೆಗೆಯಬೇಕಾದದ್ದು ಏನೂ ಇರಲಿಲ್ಲ. ಎಣ್ಣೆ ಹಚ್ಚಿಕೊಂಡು ಕೂತೆ. ಮೇಕೆ ನನ್ನ ಹಣೆ ನೋಡಲಿಲ್ಲ. ಅದಕ್ಕೆ ಬೇಕಿದ್ದದ್ದು ಒಂದು ಚಿಕ್ಕ ಕೈ.