ಬಣ್ಣದ ಮಾವನ ನಾಲಿಗೆ

ಬಣ್ಣದ ಮಾವನ ಉಗುರು ನೋಡಿದರೆ ಸಾಕು, ಮೊಳಕಾಲ್ಮುರಿನ ನಮ್ಮ ಬೀದಿಯ ಮಗ್ಗಗಳಿಗೆ ನಾಳೆ ಯಾವ ಬಣ್ಣದ ರೇಷ್ಮೆ ಬರುತ್ತದೆಂದು ಗೊತ್ತಾಗುತ್ತಿತ್ತು. ಒಂದು ವಾರ ಕೆಂಪು, ಒಂದು ವಾರ ಗಿಣಿಹಸಿರು. ಆ ಉಗುರು ಬೆಳ್ಳಗಿದ್ದದ್ದನ್ನು ನಾನು ಕಂಡದ್ದು ಆಸ್ಪತ್ರೆಯಲ್ಲಿ ಮಾತ್ರ.

ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಬೈಗುಳಕ್ಕೆ ಎರಡೂ. ರೇಷ್ಮೆಗೆ ಬಣ್ಣ ಹಾಕುವ ಹಂಡೆಗೆ ಆ್ಯಸಿಡ್ ಹದವಾಗಿ ಬಿದ್ದಿದೆಯೇ ಎಂದು ಮಾವ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ಹುಳಿ ನೋಡುತ್ತಿದ್ದ. ಅವನಪ್ಪನೂ ಹಾಗೇ ನೋಡುತ್ತಿದ್ದನಂತೆ; ಜೊತೆಗೆ ಬಣ್ಣ ಹಾಕುವ ತಮ್ಮನೂ ಹಾಗೇ.

ನಾನು ಚಳ್ಳಕೆರೆ ಹತ್ತಿರದ ಪ್ರಯೋಗಾಲಯ ಸೇರಿದೆ. ನಮ್ಮ ಕೆಲಸ ಒಂದು ಪುಟ್ಟ ಟ್ರಾನ್ಸಿಸ್ಟರ್ ಚಿಪ್. ಅದರ ಮೇಲೆ ಕೂರಿಸಿದ ಜೈವಿಕ ಪದರಕ್ಕೆ ವಿಷದ ಸಣ್ಣ ಅಣು ಅಂಟಿದರೆ ಒಳಗಿನ ಕರೆಂಟು ಬದಲಾಗುತ್ತದೆ. ಕೆಲವು ಬಣ್ಣಗಳಲ್ಲಿ ಮೂತ್ರಕೋಶದ ಕ್ಯಾನ್ಸರ್ ತರುವ ಅಣುಗಳಿರುತ್ತವೆ ಎಂದು ಓದಿದ ದಿನವೇ ಬಸ್ಸು ಹತ್ತಿದೆ. ಊರಿಗೆ ಹೋಗಿ ಮಾವನ ಹಂಡೆಯ ನೀರು ತಂದೆ.

ಆ ನೀರಿನಲ್ಲಿ ಉಪ್ಪು ಜಾಸ್ತಿ; ಉಪ್ಪು ಹೆಚ್ಚಿದ್ದರೆ ಚಿಪ್‌ಗೆ ಏನೂ ಕಾಣುವುದಿಲ್ಲ. ಅದಕ್ಕೇ ನೂರು ಪಾಲು ಶುದ್ಧ ನೀರು ಬೆರೆಸಿ ಚಿಪ್ ಮೇಲೆ ಹನಿಸಿದೆ. ಕರೆಂಟು ಕದಲಲಿಲ್ಲ. ಖುಷಿ ತಡೆಯಲಾರದೆ ಫೋನ್ ಮಾಡಿದೆ.

"ಏನೂ ಇಲ್ಲ ಮಾವ!"

"ನಾ ಹೇಳ್ಲಿಲ್ಲೇನವ್ವ? ನಿನ್ ಮಿಷನ್‌ಗಿಂತ ಮೊದ್ಲೇ ನನ್ ನಾಲ್ಗೆ ಪಾಸಾಗೈತೆ," ಎಂದು ನಕ್ಕ.

ಉಪ್ಪಿನ ಜೊತೆ ವಿಷವನ್ನೂ ತೆಳ್ಳಗೆ ಮಾಡಿ ಚಿಪ್‌ಗೆ ಸಿಗದಂತೆ ಮಾಡಿದ್ದೆ ಎಂದು ನನ್ನ ಮಂದಬುದ್ಧಿಗೆ ಹೊಳೆದದ್ದು ಮೂರು ವರ್ಷದ ಮೇಲೆ, ಮಾವನ ಮೂತ್ರದಲ್ಲಿ ರಕ್ತ ಬಂದಾಗ. ಹಂಡೆಯ ನೀರನ್ನು ದೊಡ್ಡ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದೆ. ವಿಷ ಇತ್ತು. ಬಣ್ಣದಿಂದಲೇ ಕಾಯಿಲೆ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಆಸ್ಪತ್ರೆಗೆ ಹೋಗಿ ಮಾವನ ಮುಂದೆ ತಪ್ಪೊಪ್ಪಿಕೊಂಡೆ. ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಬಿಡವ್ವ. ನನ್ ತಮ್ಮನಿಗೆ ಮಾತ್ರ ಹೇಳ್ಬೇಡ. ಅವ್ನಿಗೆ ಬ್ಯಾರೆ ಯಾವ್ ಕೆಲ್ಸ ಬರ್ತೈತೆ?" ಎಂದ.

ಅವನನ್ನು ಮಣ್ಣು ಮಾಡಿದ ಮರುವಾರವೇ ಆ ಮಾತು ಮೀರಿದೆ. ಹುಳಿ ನೋಡುವ ಕಾಗದದ ಪಟ್ಟಿಗಳನ್ನು ಅವನ ತಮ್ಮನ ಕೈಗಿಟ್ಟು, ಇದರಲ್ಲಿ ನೋಡು, ಬಾಯಿಗೆ ಮುಟ್ಟಿಸಬೇಡ, ವಿಷ ಇದೆ ಎಂದು ಗೋಗರೆದೆ. ಅವನು ಹಂಡೆಯ ಮುಂದೆ ಕೂತಿದ್ದ. ಪಟ್ಟಿಗಳನ್ನು ಕಿಟಕಿಯ ಮೇಲಿಟ್ಟ.

"ಅವತ್ತು ಇಲ್ಲ ಅಂದೆ, ಇವತ್ತು ಐತೆ ಅಂತೀಯ. ಯಾವ್ದು ನಂಬ್ಲವ್ವ?"

ಅವನು ಬೆರಳದ್ದಿದ.