ನೀರಿಳಿದ ಕೆರೆಯಲ್ಲಿ ತವರಿನ ದಾರಿ

ತೂಬಿನ ದುರಸ್ತಿಗೆಂದು ನಮ್ಮ ಕೆರೆಯ ನೀರನ್ನು ಹೊರಬಿಟ್ಟ ಬೇಸಿಗೆಯಲ್ಲಿ ನಮ್ಮ ಯಜಮಾನರ ಮುಖ ನೋಡುವಂತಿರಲಿಲ್ಲ. ಅವರದು ತೆಪ್ಪ ಹಾಕುವ ಕೆಲಸ. ಕೆರೆ ತುಂಬಿದ್ದರೆ ಮೀನು ಹಿಡಿಯುತ್ತಾರೆ, ಆಚೆ ದಡದ ಊರಿಗೆ ಜನರನ್ನೂ ದಾಟಿಸುತ್ತಾರೆ. ಈಗ ದೊಡ್ಡ ಬುಟ್ಟಿಯಂಥ ಆ ತೆಪ್ಪ ಮನೆ ಮುಂದೆ ಬೋರಲು ಬಿದ್ದಿತ್ತು. ನಾನು ಅದರ ಮೇಲೊಂದು ಹಳೇ ಸೀರೆ ಹಾಸಿ ಹಪ್ಪಳ ಒಣಹಾಕಿದ್ದೆ.

“ತೆಪ್ಪದ ಮೇಲೆ ಹಪ್ಪಳ ಹಾಕ್ತೀಯಲ್ಲೇ, ಮಾನ ಮರ್ಯಾದೆ ಬ್ಯಾಡ್ವಾ?” ಎಂದರು.

“ನೀರಂತೂ ಇಲ್ಲ, ಹಪ್ಪಳನಾದ್ರೂ ಒಣಗ್ಲಿ ಬಿಡ್ರೀ” ಎಂದೆ. ಸುಮ್ಮನಿರುವ ಬಾಯಿ ನನ್ನದಲ್ಲ.

ಅತ್ತೆಯ ಚಿಂತೆಯೇ ಬೇರೆ. ಆಚೆ ದಡದ ಊರಿಗೆ ಕೊಟ್ಟ ಮಗಳು, ಅಂದರೆ ನನ್ನ ನಾದಿನಿ, ಏಳು ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ಬಸುರಿ ಹೆಂಗಸು ನೀರು ದಾಟಬಾರದೆಂಬುದು ಎರಡೂ ಊರಿನ ಕಟ್ಟಳೆ. ಅಜ್ಜಂಪುರ ಸುತ್ತಿ ಬಸ್ಸಲ್ಲಿ ಕರೆತರೋಣವೆಂದರೆ ಕುಲುಕಾಟ ಕೂಡದೆಂದು ನರ್ಸಮ್ಮ ಹೇಳಿದ್ದರು. ಆ ರಸ್ತೆಯ ಗುಂಡಿಗಳಲ್ಲಿ ಬಸುರಿಯಲ್ಲದವರ ಹೊಟ್ಟೆಯೂ ಬಾಯಿಗೆ ಬರುತ್ತದೆ. “ನಮ್ಮನೇಲೇ ಬಾಣಂತನ ಮಾಡ್ತೀವಿ ಬಿಡಿ” ಎಂದು ನಾದಿನಿಯ ಅತ್ತೆ ಫೋನಿನಲ್ಲಿ ಹೇಳಿದ ದಿನ ನಮ್ಮತ್ತೆ ಊಟ ಮಾಡಲಿಲ್ಲ.

“ಅಂಟಿನುಂಡೆ ಇನ್ಯಾರಿಗೆ ಕಟ್ಲವ್ವಾ?” ಎಂದು ಅತ್ತರು.

ಮಾರನೆಯ ಬೆಳಿಗ್ಗೆ ಏರಿಯ ಮೇಲೆ ನಿಂತು ನೋಡುತ್ತೇನೆ, ಆಚೆ ಊರಿನ ಎಮ್ಮೆಗಳು ಒಣಗಿದ ಕೆರೆಯಂಗಳದಲ್ಲಿ ಹುಲ್ಲು ಮೇಯುತ್ತ ನಮ್ಮ ದಡಕ್ಕೇ ಬಂದುಬಿಟ್ಟಿವೆ! ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಮನೆಗೆ ಓಡಿದೆ.

“ಎಮ್ಮೆ ಬರೋ ದಾರೀಲಿ ನಿಮ್ಮ ತಂಗಿ ಬರಕ್ಕಾಗಲ್ವೇನ್ರೀ? ನೀರೇ ಇಲ್ಲ, ದಾಟೋದೆಲ್ಲಿ ಬಂತು?”

ಯಜಮಾನರ ಮುಖ ಅರಳಿತು. ಬೀಗರೂ ಒಪ್ಪಿದರು. ಒಳ್ಳೆಯ ದಿನ ನೋಡಿ, ರಾಹುಕಾಲ ಕಳೆದು ಹೊರಡುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತದೆಂದು ಯಜಮಾನರು ನೆರಳಿಗೆ ತೆಪ್ಪವನ್ನೇ ಹೊತ್ತುಕೊಂಡು ಹೋದರು. ವಾಪಸ್ ಬರುವಾಗ ಮುಂದೆ ಇವರು, ಹಿಂದೆ ನಾದಿನಿಯ ಗಂಡ, ಇಬ್ಬರ ತಲೆಯ ಮೇಲೆ ಬೋರಲು ತೆಪ್ಪ, ನಡುವೆ ನೆರಳಲ್ಲಿ ನಾದಿನಿ. ಆರತಿ ತಟ್ಟೆ ಹಿಡಿದು ಅತ್ತೆಯೂ ನಾನೂ ಕೆರೆಯಂಗಳಕ್ಕೆ ಇಳಿದಿದ್ದೆವು. ದೂರದಿಂದ ನಮಗೆ ಕಂಡದ್ದು ಆರು ಕಾಲಿನ ತೆಪ್ಪ! ನಕ್ಕೂ ನಕ್ಕೂ ನನ್ನ ಕೈಯಲ್ಲಿದ್ದ ಕುಂಕುಮದ ಬಟ್ಟಲು ಅಲ್ಲಾಡಿತು.

ಅಷ್ಟರಲ್ಲಿ ಅವರು ನಿಂತುಬಿಟ್ಟರು. ನಾವು ಹತ್ತಿರ ಹೋಗಿ ನೋಡಿದೆವು. ಹಿಂದಿನ ದಿನ ಮೇಲೆಲ್ಲೋ ಮಳೆಯಾಗಿ, ಇವರು ಹೋಗುವಾಗ ಒಣಗಿದ್ದ ಕೆರೆಯ ನಡುವಿನ ಸಣ್ಣ ಹಳ್ಳ ಈಗ ಹರಿಯುತ್ತಿತ್ತು. ನೀರು ಮೊಣಕಾಲುದ್ದವೂ ಇರಲಿಲ್ಲ. ಜೊತೆಗೆ ಬಂದಿದ್ದ ಬೀಗಿತ್ತಿ, ನಾದಿನಿಯ ಅತ್ತೆ, ಕೊಡೆ ಮಡಚಿದರು.

“ಮೊಣಕಾಲುದ್ದವಾದ್ರೇನು, ನೀರು ನೀರೇ ಕಣ್ರೀ. ವಾಪಸ್ ನಡೀರಿ.”

ನಾದಿನಿ ಆಚೆ ನಿಂತು ಅಮ್ಮನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಅತ್ತೆ ಒಂದು ಗಳಿಗೆ ಹಳ್ಳವನ್ನು ನೋಡಿದರು, ಮಗನ ತಲೆಯ ಮೇಲಿನ ತೆಪ್ಪವನ್ನು ನೋಡಿದರು.

“ಲೇ ಮಗಾ, ಅದನ್ನ ಹಳ್ಳಕ್ಕೆ ಇಳ್ಸೋ.”

ಇಳಿಸಿದರು. ಹಳ್ಳ ಎಷ್ಟು ಕಿರಿದೆಂದರೆ ತೆಪ್ಪ ಎರಡು ದಡಗಳ ನಡುವೆ ಗಟ್ಟಿಯಾಗಿ ಸಿಕ್ಕಿಕೊಂಡಿತು.

“ನೋಡಿ ಬೀಗ್ರೆ, ಕದಲ್ತದಾ? ಕದಲದ ಮೇಲೆ ಅದ್ಯಾವ ತೆಪ್ಪ? ನಮ್ಮನೆ ಹೊಸಲು ಅದು!” ಎಂದರು ಅತ್ತೆ.

ಬೀಗಿತ್ತಿ ಕೊಡೆಯಿಂದ ತಿವಿದರು, ಕಾಲಿಂದ ಒದ್ದರು. ಅದು ಜಪ್ಪಯ್ಯ ಎನ್ನಲಿಲ್ಲ.

“ಹೊಸಲೇ ಸೈ ಬಿಡಿ” ಎಂದು ನಕ್ಕೇಬಿಟ್ಟರು. “ಬಲಗಾಲಿಡವ್ವಾ.”

ಹಾವೂ ಸಾಯಿತು, ಕೋಲೂ ಮುರಿಯಲಿಲ್ಲ. ಯಜಮಾನರು ನೀರಲ್ಲಿ ನಿಂತು ಎರಡೂ ಕೈಯಿಂದ ಅಂಚು ಹಿಡಿದಿದ್ದರು. ನಾದಿನಿ ಬಲಗಾಲಿಟ್ಟು ಒಳಗಿಳಿದು, ಈಚೆ ಹತ್ತಿ ಅಮ್ಮನನ್ನು ತಬ್ಬಿಕೊಂಡಳು. ಆರತಿ ಎತ್ತುವುದನ್ನೇ ಎಲ್ಲರೂ ಮರೆತೆವು.

ಹೆಣ್ಣುಮಗು ಹುಟ್ಟಿತು. ಅತ್ತೆ ಡಬ್ಬಿಗಟ್ಟಲೆ ಅಂಟಿನುಂಡೆ ಕಟ್ಟಿದರು. ತೂಬು ರಿಪೇರಿಯಾಯಿತು, ಮಳೆ ಚೆನ್ನಾಗಿ ಬಂದು ಕೆರೆ ತುಂಬಿತು. ಬಾಣಂತನ ಮುಗಿದು ನಾದಿನಿ ಹೊರಟಾಗ ಯಜಮಾನರು ತೆಪ್ಪ ತೊಳೆದು ಸಿದ್ಧ ಮಾಡಿದ್ದರು. ಆ ವರ್ಷ ಅವರು ಮೊದಲು ದಾಟಿಸಿದ್ದು ತಂಗಿಯ ಮುದ್ದುಕೂಸನ್ನೇ. ಹುಟ್ಟು ಹಾಕುತ್ತ ಜೋರಾಗಿ ಹಾಡುತ್ತಿದ್ದರು.

ಅತ್ತೆ ದಡದಲ್ಲಿ ನಿಂತು ಕೈಬೀಸಿದರು. ತೆಪ್ಪ ಚಿಕ್ಕದಾದ ಮೇಲೆ, ಕಾಲಿಗೆ ತಾಗುತ್ತಿದ್ದ ನೀರಿಗೆ ಬೈದರು.

“ಇಷ್ಟು ಬೇಗ ತುಂಬ್ಕಬೇಕಿತ್ತೇನೇ ನೀನು?”