ಹಾಡಿನಲ್ಲಿ ಅಂಗಡಿಯ ಹೆಸರು

ಸಾವಕ್ಕನ ದನಿ ಕೇಳದವರು ರಾಯಬಾಗದ ಸುತ್ತ ಕಡಿಮೆ. ಆ ದನಿ ಅವಳದೆಂದು ತಿಳಿದವರು ಅದಕ್ಕಿಂತ ಕಡಿಮೆ.

ಕುರಿ ಕಾಯುವ ಮನೆತನದ ಹೆಣ್ಣುಮಗಳು. ಕುಡಚಿ ಸ್ಟೇಷನ್ ಹತ್ತಿರ ಕ್ಯಾಸೆಟ್ ಅಂಗಡಿ ಇಟ್ಟಿದ್ದ ನಜೀರಸಾಬ ಒಂದು ಮದುವೆಯಲ್ಲಿ ಅವಳ ಹಾಡು ಕೇಳಿ, ಗಂಡ ಮಾಳೇಶನನ್ನು ಒಪ್ಪಿಸಿ, ಮಿರಜಿಗೆ ಕರೆದೊಯ್ದು ಕ್ಯಾಸೆಟ್ಟಿಗೆ ಹಾಡಿಸಿದ್ದ. ಆಗ ಒಂದು ಹಾಡು ತನಗೆ ಬೇಕಾದಷ್ಟು ಹೊತ್ತು ನಡೆಯುತ್ತಿತ್ತು. ಕ್ಯಾಸೆಟ್ಟಿನ ಮೇಲೆ ತಲೆತುಂಬ ಸೆರಗು ಹೊದ್ದ ಅವಳದೇ ಫೋಟೊ ಇತ್ತು.

ಕ್ಯಾಸೆಟ್ ಹೋಯಿತು, ಸಿಡಿ ಬಂದು ಅದೂ ಹೋಯಿತು. ನಜೀರಸಾಬ ತೀರಿಕೊಂಡ ಮೇಲೆ ಮಗ ಜುನೇದ ಅಂಗಡಿಯ ಗೋಡೆಗಳಿಗೆಲ್ಲ ಸ್ಪಂಜು ಬಡಿದು ರೆಕಾರ್ಡಿಂಗ್ ಕೋಣೆ ಮಾಡಿದ, ಯೂಟ್ಯೂಬಿನಲ್ಲಿ ಚಾನೆಲ್ ತೆರೆದ. ಅಪ್ಪನ ಕಾಲದ ಗಾಯಕಿಯನ್ನು ಅವನು ಮರೆಯಲಿಲ್ಲ. ಸಾವಕ್ಕ ತನ್ನ ತಾಯಿ ಕೆಂಚವ್ವನಿಂದ ಕಲಿತ ಕುರಿಯ ಹಾಡನ್ನು ಹಾಡಿಕೊಟ್ಟಳು. ಹೊಳೆ ದಾಟುವಾಗ ಆಚೆ ದಂಡೆಯಲ್ಲಿ ಮರಿ ಉಳಿದುಬಿಟ್ಟ ತಾಯಿಕುರಿ ಮಾಳಪ್ಪ ದೇವರನ್ನು ಕೂಗುವ ಹಾಡು ಅದು. ಜುನೇದ ಪೂರ್ತಿ ಕೇಳಿ, ಮಾಳಪ್ಪನನ್ನು ಕೂಗುವ ಒಂದೇ ಚರಣ ಉಳಿಸಿಕೊಂಡ. ಮಂದಿ ಬೆರಳಿನಿಂದ ಸರಿಸಿ ಮುಂದೆ ಹೋಗುತ್ತಾರೆ, ಕುಣಿಯುವ ಬೀಟ್ ಮೊದಲೇ ಬರಬೇಕು ಎಂದ. ದನಿಯನ್ನೂ ಮಶೀನಿನಲ್ಲಿ ಏರಿಸಿ ಎಳೆಯದಾಗಿ ಮಾಡಿದ.

ವಿಡಿಯೊ ತೆಗೆದದ್ದು ಯಡೂರಿನ ಹೊಳೆದಂಡೆಯಲ್ಲಿ. ತುಟಿ ಆಡಿಸಿ ಕುಣಿಯಲು ನಿಪ್ಪಾಣಿಯ ಸುಜಾತಾ ಬಂದಿದ್ದಳು. ಬಿಸಿಲಿಗೆ ಮಿಂಚುವ ಘಾಗ್ರಾ ಹಾಕಿಕೊಂಡು ಕಾದ ಮರಳಿನ ಮೇಲೆ ಮತ್ತೆ ಮತ್ತೆ ಕುಣಿದು, ನಡುವೆ ಸಾವಕ್ಕನ ಪಕ್ಕ ನೆರಳಿಗೆ ಬಂದು ಕೂತಳು. ಮರಿ ಕೊನೆಗೆ ಸಿಗುತ್ತದೋ ಇಲ್ಲವೋ ಎಂದು ಕೇಳಿದಳು.

"ಸಿಗಂಗಿಲ್ಲಬೇ," ಎಂದಳು ಸಾವಕ್ಕ. "ಈ ದಂಡಿಮ್ಯಾಲೆ ತಾಯಿ ಇಲ್ಲದ್ದೊಂದ ಮರಿ ಇರತೈತಿ. ಅದಕ್ಕ ಈ ಕುರಿ ಹಾಲ ಕುಡಸತೈತಿ."

ಸುಜಾತಾ ಹೊಳೆಯ ಆಚೆ ದಂಡೆಯ ಕಡೆ ನೋಡಿದಳು. ಅಷ್ಟರಲ್ಲಿ ಕ್ಯಾಮೆರಾದವನು ಕರೆದ. ನಗುಮುಖ ಇರಲಿ ಎಂದ. ಅವಳು ಎದ್ದು ಹೋಗಿ ನಕ್ಕಳು.

ಹಾಡು ಗಡಿಯ ಕೊಗನೊಳ್ಳಿ ದಾಟಿ ಕೊಲ್ಲಾಪುರದವರೆಗೂ ಓಡಿತು. ಕಬ್ಬಿನ ಟ್ರ್ಯಾಕ್ಟರುಗಳಲ್ಲೆಲ್ಲ ಅದೇ. ಮೊದಲ ಸಲ ಕೇಳಿದಾಗ ಮಾಳೇಶ ಫೋನನ್ನು ಕಿವಿಗೆ ಹಿಡಿದು, ಇದು ನಿನ್ನದೇ ದನಿಯೇನು ಎಂದು ಹೆಂಡತಿಯನ್ನು ಕೇಳಿದ. ಅವಳಿಗೂ ಗಟ್ಟಿಯಾಗಿ ಹೇಳಲಾಗಲಿಲ್ಲ.

ಹಾಡು ಓಡಿದ್ದು ಕಂಡು ಅಥಣಿಯ ರಾಜಾರಾಮ ಬಂದ. ಹೊಸದಾಗಿ ಮೋಟರ್ ಸೈಕಲ್ ಶೋರೂಮ್ ಹಾಕುವವನಿದ್ದ. ಅದೇ ಹಾಡಿನಲ್ಲಿ ಮಾಳಪ್ಪನ ಹೆಸರಿದ್ದ ಕಡೆ ತನ್ನ ಅಂಗಡಿಯ ಹೆಸರು ಬರಬೇಕೆಂದು ಕೇಳಿದ. ಜುನೇದ ಒಪ್ಪಿಕೊಂಡು ಸಾವಕ್ಕನನ್ನು ಕರೆಸಿದ.

ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತಳು. ಸಂಗೀತ ಮತ್ತೆ ಮತ್ತೆ ಬಂತು. ಆ ಜಾಗಕ್ಕೆ ಬಂದಾಗಲೆಲ್ಲ ಬಾಯಿ ತೆರೆಯಲಿಲ್ಲ.

"ಮರಿ ಕಳಕೊಂಡ ಕುರಿ ದೇವರನ್ನ ಕರಿತೈತೋ ತಮ್ಮಾ," ಎಂದಳು. "ಗಾಡಿ ಅಂಗಡಿನ್ನ ಯಾಕ ಕರೀತೈತಿ?"

ಜುನೇದ ಸಂಗೀತ ನಿಲ್ಲಿಸಿದ. "ನನಗೂ ತಿಳಿತೈತಿ ಅಕ್ಕಾ. ನಮ್ಮ ಅಬ್ಬಾ ಇದ್ದಿದ್ರ ನನ್ನ ಒಳಗ ಕರ್ಕೋತಿದ್ದಿಲ್ಲ. ಆದ್ರ ಜಾಹೀರಾತ ಇಲ್ದ ಈ ಖೋಲಿ ಬಾಗಲಾ ತೆರೆಯಂಗಿಲ್ಲ."

ಹಾಗಿದ್ದರೆ ಆ ಒಂದು ಮಾತು ಬೇರೆ ಯಾರಿಂದಲಾದರೂ ಹೇಳಿಸು ಎಂದಳು ಸಾವಕ್ಕ. ಸಿಟ್ಟಿನಿಂದಲ್ಲ, ನಿಂತು ನಿಂತು ಕಾಲು ಸೋತಿದ್ದವು. ಅವನು ಒತ್ತಾಯ ಮಾಡಲಿಲ್ಲ. ಮಶೀನಿನಲ್ಲಿ ಜೋಡಿಸಿದರೆ ಗೊತ್ತಾಗುವುದಿಲ್ಲ ಎಂದು, ಮರುದಿನವೇ ಇನ್ನೊಬ್ಬ ಹುಡುಗಿಯಿಂದ ಹೇಳಿಸಿದ.

ಶೋರೂಮಿನ ಉದ್ಘಾಟನೆಗೆ ಜುನೇದ ಸಾವಕ್ಕನಿಗೂ ಗಂಡನಿಗೂ ಗಾಡಿ ಕಳಿಸಿದ. ಹಾಡುವ ಕೆಲಸವೇನೂ ಇರಲಿಲ್ಲ. ಹಿಂದಿನ ಕುರ್ಚಿಗಳಲ್ಲಿ ಕೂತರು. ಸ್ಪೀಕರ್ ಎದೆಗೆ ಗುದ್ದಿದಂತೆ ಶುರುವಾಯಿತು, ಸುಜಾತಾ ಹೊಸ ಬೈಕುಗಳ ನಡುವೆ ಕುಣಿದಳು. ಬೇರೆಯವಳ ದನಿ ಅಂಗಡಿಯ ಹೆಸರು ಹೇಳಿತು, ಸಾವಕ್ಕನ ದನಿ ಮುಂದುವರಿಯಿತು. ಸಾವಕ್ಕ ಸುತ್ತ ನೋಡಿದಳು. ದನಿ ಬದಲಾದದ್ದು ಯಾರಿಗೂ ತಿಳಿದಂತೆ ಕಾಣಲಿಲ್ಲ. ಮಾಳೇಶ ತಾಳಕ್ಕೆ ಸರಿಯಾಗಿ ತಲೆ ಆಡಿಸುತ್ತಿದ್ದ.

ಪಕ್ಕದಲ್ಲಿ ಕೂತಿದ್ದ ಕಾಗವಾಡದ ಸೀತವ್ವ ಎಂಬ ಹೆಂಗಸು ಅವಳ ಮೊಣಕೈ ಮುಟ್ಟಿದಳು. "ಎಷ್ಟ ಚಂದ ದನಿ ಐತಿ ನೋಡ್ರಿ ಆ ಹುಡಗೀದು."

"ಹೌದ್ರಿ," ಎಂದಳು ಸಾವಕ್ಕ. "ಚಂದ ಐತಿ."

ಊಟದ ಪಂಕ್ತಿ ಶುರುವಾಗುವ ಮೊದಲೇ ಗಂಡನನ್ನು ಎಬ್ಬಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಜುನೇದನಲ್ಲಿಗೆ ಹೋಗುವುದನ್ನೇನೂ ಅವಳು ಬಿಡಲಿಲ್ಲ. ಕರೆದಾಗ ಹೋಗುತ್ತಾಳೆ. ಯಾರೋ ಬರೆದುಕೊಟ್ಟ, ಪ್ರೀತಿಯಲ್ಲಿ ಮೋಸಹೋದವರ ಹಾಡುಗಳನ್ನು ಅವನು ಹೇಳಿದ ಹಾಗೆ ಹಾಡಿ ಬರುತ್ತಾಳೆ. ಕೆಂಚವ್ವನ ಹಾಡುಗಳು ಇನ್ನೂ ಇದ್ದರೆ ಕೊಡು ಎಂದು ಅವನು ಒಮ್ಮೆ ಕೇಳಿದ. ಒಂದೂ ನೆನಪಿಲ್ಲ ಎಂದಳು. ಅದು ಸುಳ್ಳೆಂದು ಅವನಿಗೂ ತಿಳಿದಿರಬೇಕು, ಮತ್ತೆ ಕೇಳಲಿಲ್ಲ.